ಹಸಿರಾಗದ ಉರಿ

“ಒಳ್ಳೇದಾಯ್ತಲ್ಲ, ಶೈಲಾ,” ಅಂದ ರಘುರಾಮ. ಅಷ್ಟೇ. ನಾನು ದಂಗಾಗಿ ನಿಂತೆ.

ರವಿವಾರ ದೌಂಡ ಅನ್ನೋ ಊರಿಂದ ನನ್ನ ನೋಡಲಿಕ್ಕೆ ಗಂಡಿನವರು ಬರ್ತಾರ ಅಂತ ಈಗಷ್ಟೇ ಹೇಳಿದ್ದೆ. ಶಿವಾಜಿನಗರದ ಕಾಲೇಜ್ ಲ್ಯಾಬಿನೊಳಗ ವರ್ಷಪೂರ್ತಿ ನನ್ನ ಜೋಡಿ ಒಂದೇ ಚಹಾ ಹಂಚಿಕೊಂಡ ಮನುಷ್ಯಾ. ಮುಖದ ಬಣ್ಣ ಚೂರೂ ಬದಲಾಗಲಿಲ್ಲ. ಕಲ್ಲು ಅನಕೊಂಡೆ.

ಅದು ತೊಂಬತ್ತಾರನೇ ಇಸವಿ. ಓಝೋನ್ ಪದರ ತಿನ್ನೋ ಹಳೇ ಫ್ರಿಜ್ ಗ್ಯಾಸು, ಅದಕ್ಕ ಕೇಡು ಮಾಡದ ಹೊಸಾ ಗ್ಯಾಸು, ಎರಡನ್ನೂ ಒಂದಾದ ಮ್ಯಾಲೊಂದು ಒಂದೇ ಯಂತ್ರಕ್ಕ ತುಂಬಿ, ಅಷ್ಟೇ ಕರೆಂಟಿಗೆ ಯಾವುದು ಹೆಚ್ಚು ತಂಪು ಕೊಡ್ತದ ಅಂತ ನೋಡೋದು ನಮ್ಮ ಪ್ರಾಜೆಕ್ಟು. ಹಳೇದು ಗಟ್ಟಿ ನಿಂತಿತ್ತು. ನಾ ಪಕ್ಷ ವಹಿಸಿದ್ದ ಹೊಸಾದು ದಿನಾ ಕುಸೀತಿತ್ತು.

ರಘುರಾಮ ಮತ್ತ ಲೀಕ್ ನೋಡೋ ದೀಪ ಹಚ್ಚಿ ಪೈಪಿನ ಜಾಯಿಂಟಿಗೆಲ್ಲ ಹಿಡಿದ. ಗ್ಯಾಸು ಸೋರಿದರ ನೀಲಿ ಉರಿ ಹಸಿರಾಗಬೇಕು. ಆಗಲಿಲ್ಲ. ಸೋರಿಕೆ ಇಲ್ಲ, ಹೊಸಾ ಗ್ಯಾಸೇ ದಂಡ ಅಂತ ತೀರ್ಪು ಕೊಟ್ಟ.

ನನಗ ತಲಿ ಕೆಟ್ಟುಹೋತು. ಕಪ್ ತೊಳೆಯೋ ಸಾಬೂನು ನೀರು ತಂದು ಆ ಜಾಯಿಂಟುಗಳ ಮ್ಯಾಲೆ ಸುರಿದೆ.

ಒಂದರಾಗ ಬುಳುಬುಳು ಗುಳ್ಳಿ ಎದ್ದವು. ಇಬ್ಬರೂ ಬಾಯಿ ತಕ್ಕೊಂಡು ನೋಡಿದ್ವಿ. ಉರಿ ಹಸಿರಾಗೋದು ಕ್ಲೋರಿನ್ ತಾಗಿದರ. ಹೊಸಾ ಗ್ಯಾಸಿನಾಗ ಕ್ಲೋರಿನ್ನೇ ಇಲ್ಲ, ಓಝೋನ್ ಉಳಿಯೋದೂ ಅದಕ್ಕೇ. ಹೊಸಾದು ತುಂಬಿದಾಗಿಂದ ಸೋರತಿತ್ತು, ಹಳೇ ದೀಪಕ್ಕ ಕಾಣಲಿಲ್ಲ.

ತಿರುಗಿ ಅವನ ಕಡೆ ನೋಡಿದೆ. ಮುಖ ಅದೇ ಕಲ್ಲು. ಆದ್ರ ಸ್ಪ್ಯಾನರ್ ತಗೊಂಡು, ಬಿಗಿ ಮಾಡಬೇಕಾದ ನಟ್ಟು ಸಡಿಲ ಮಾಡ್ಲಿಕ್ಕತ್ತಿದ್ದ.

“ಖರೇ ಹೇಳ್ರಿ. ನಾ ಹೋದ್ರ ನಿಮಗೇನೂ ಅನಸೂದಿಲ್ಲೇನು?”

ಅವನ ಕೈಯಿಂದ ಸ್ಪ್ಯಾನರ್ ಕೆಳಗ ಬಿತ್ತು. “ನಿಮ್ಮ ಮನೇಲಿ ಗಂಡು ಹುಡುಕ್ತಿದ್ದಾರೆ ಅಂತ ಗೊತ್ತಾದಾಗಿಂದ ಊಟ ಸೇರ್ತಿಲ್ಲ. ನಮ್ಮದು ಹೋಟೆಲ್ ನಡೆಸೋ ಮನೆ, ನಿಮ್ಮವರು ಒಪ್ಪಲ್ಲ ಅಂತ ಹೆದರಿದೆ. ನನಗೆ ನೀವೇ ಬೇಕು, ಶೈಲಾ.”

ಹೂಂ ಅಂತ ತಲಿ ಹಾಕಿ, ಬಿದ್ದ ಸ್ಪ್ಯಾನರ್ ಎತ್ತಿ ಅವನ ಕೈಗೆ ಕೊಟ್ಟೆ.

ಜಾಯಿಂಟ್ ಬಿಗಿದು ಮತ್ತ ಗ್ಯಾಸು ತುಂಬಿದ್ವಿ. ಹೊಸಾದು ಹಳೇದರ ಹತ್ತಿರ ಹತ್ತಿರ ಬಂತು, ಚೂರೇ ಚೂರು ಕಡಿಮಿ.

ರವಿವಾರ ಯಾರೋ ನಮ್ಮ ಮನಿ ಬಾಗಿಲು ಬಡಿದ್ರು. ದೌಂಡದವರು ಬಂದ್ರು ಅಂತ ಅವ್ವ ಗಡಿಬಿಡಿಲೆ ಅರ್ಧ ಬಾಗಿಲು ತೆರೆದ್ಲು. ಹೊರಗ ರಘುರಾಮನ ತಾಯಿ, ಕೈಯಾಗ ಮಲ್ಲಿಗಿ. ಹಿಂದ ಬೆವತುಕೊಂಡು ಅವನು.

“ದೌಂಡದ ಗಾಡಿ ಬರೋ ಮೊದಲೇ ಕೇಳೋಣ ಅಂತ ಬಂದ್ವಿ. ನಿಮ್ಮ ಮಗಳನ್ನ ನಮಗೆ ಕೊಡ್ತೀರಾ?” ಅಂದ್ರು ಅವನ ತಾಯಿ.

ಅವ್ವ ಬೆರಗಾಗಿ ನನ್ನ ಕಡೆ ತಿರುಗಿದಳು. ನನ್ನ ಮುಖ ಆಗಲೇ ಕೆಂಪಗಾಗಿತ್ತು. ಅವ್ವಗ ಯಾವ ದೀಪಾನೂ ಬೇಕಾಗಲಿಲ್ಲ. ಬಾಗಿಲು ಪೂರ್ತಿ ತೆರೆದು, ಒಳಗ ಬರ್ರಿ ಅಂದ್ಲು.