ಬೇಲಿಯಾಚೆಯ ಆಮೆನ್

ವೈನ್‌ಟ್ರೋಬ್ ಅಜ್ಜನ ಅಂತ್ಯಕ್ರಿಯೆಗೆ ಒಬ್ಬ ಗಂಡಸು ಕಮ್ಮಿ ಬಿದ್ದ.

ಆಸ್ಟ್ರೇಲಿಯಾದ ಟೌನ್ಸ್‌ವಿಲ್ಲಿನ ಯಹೂದಿ ಸಮುದಾಯಕ್ಕೆ ಇದು ಹೊಸದೇನಲ್ಲ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕು. ಊರಿನಲ್ಲಿದ್ದದ್ದೇ ಕಷ್ಟಪಟ್ಟು ಹತ್ತು ಮಂದಿ, ಆ ಹತ್ತರಲ್ಲಿ ಒಬ್ಬರು ವೈನ್‌ಟ್ರೋಬ್ ಅಜ್ಜನೇ ಆಗಿದ್ದರು.

ಸಮಾಧಿಗಳ ನಡುವೆ ನಿಂತಿದ್ದ ತಿರ್ಜಾ ಸುತ್ತ ಕಣ್ಣಾಡಿಸಿದಳು. ಸ್ಮಶಾನದ ಬೇಲಿಯಾಚೆ, ರಸ್ತೆಯಂಚಿನ ಹೂಬಿಟ್ಟ ಮಾವಿನಮರದ ಕೆಳಗೆ ಒಬ್ಬ ನಿಂತಿದ್ದ. ತಲೆಯ ಮೇಲೆ ಪುಟ್ಟ ಟೋಪಿ. ಹಾಗಾದರೆ ನಮ್ಮವನೇ. ಅವಳು ದಾಪುಗಾಲು ಹಾಕಿ ಬೇಲಿಯ ಹತ್ತಿರ ಹೋದಳು.

"ಏನ್ರೀ, ಒಳಗೆ ಒಬ್ರು ಕಮ್ಮಿ ಇದ್ದಾರೆ. ಬನ್ನಿ."

"ಬರೋಕಾಗಲ್ಲ ಮೇಡಂ."

"ಯಾಕೆ, ಬೂಟಿಗೆ ಧೂಳಾಗುತ್ತಾ? ಅಲ್ಲಿ ಪಾಪ ಅಜ್ಜ ಬಿಸಿಲಲ್ಲಿ ಕಾಯ್ತಿದ್ದಾರೆ, ಇಲ್ಲಿ ನೀವು ನೆರಳಲ್ಲಿ ನಿಂತ್ಕೊಂಡು ಸಿನಿಮಾ ನೋಡೋ ಹಾಗೆ ನೋಡ್ತಿದ್ದೀರಲ್ಲ!"

ಅವನು ತನ್ನ ಬೂಟುಗಳನ್ನೊಮ್ಮೆ ನೋಡಿಕೊಂಡ. ಆಮೇಲೆ ಅವಳನ್ನು. ನಗು ಬಾಯಿಗೆ ಬರದೆ ಕಣ್ಣಲ್ಲೇ ನಿಂತಿತ್ತು.

"ನಾನು ಕೋಹೆನ್."

ತಿರ್ಜಾಳ ಕಿವಿ ಬಿಸಿಯಾಯಿತು. ಕೋಹೆನ್ ಎಂದರೆ ಯಾಜಕರ ವಂಶದವನು, ತಂದೆಯಿಂದ ಮಗನಿಗೆ ಇಳಿದು ಬರುವ ಪಟ್ಟ. ಸ್ವಂತ ರಕ್ತಸಂಬಂಧಿಗಳ ಹೊರತು ಬೇರೆಯವರ ಸಾವಿಗೆ ಅವನು ಸ್ಮಶಾನದೊಳಗೆ ಕಾಲಿಡುವಂತಿಲ್ಲ. ಇದು ಅವಳಿಗೆ ಮಗುವಾಗಿದ್ದಾಗಲೇ ಗೊತ್ತಿತ್ತು. ಆದರೆ ಊರಿನಲ್ಲಿ ಕೋಹೆನ್ ಎಂಬುವವನನ್ನು ಯಾರೂ ನೋಡದೆ ಎಷ್ಟು ವರ್ಷವಾಗಿತ್ತೆಂದರೆ, ಗೊತ್ತಿದ್ದದ್ದು ಮರೆತೇಹೋಗಿತ್ತು.

ಪ್ರಾರ್ಥನೆ ನಡೆಸುವ ಫ್ಲೈಶ್‌ಮನ್ ಅಂಕಲ್ ದೂರದಿಂದಲೇ ಕೂಗಿದರು. "ಏನಂತೆ ತಿರ್ಜಾ?"

"ಕೋಹೆನ್ ಅಂತೆ ಅಂಕಲ್!"

"ಮುಖ ಕಾಣ್ತಿದೆ ತಾನೆ? ಕಂಡ್ರೆ ಲೆಕ್ಕಕ್ಕೆ ಸೇರುತ್ತೆ. ಅಲ್ಲೇ ನಿಂತ್ಕೊಂಡು ಆಮೆನ್ ಅನ್ನೋಕೆ ಹೇಳು. ಜೋರಾಗಿ!"

ಅವನು ಜೋರಾಗಿಯೇ ಹೇಳಿದ. ಬೇಲಿಯಾಚೆಯಿಂದ ಬಂದ ಆ ಆಮೆನ್ ಎಲ್ಲರದ್ದಕ್ಕಿಂತ ಒಂದು ಕ್ಷಣ ತಡವಾಗಿ ಕೇಳಿಸುತ್ತಿತ್ತು.

ಹೆಸರು ಅಶೇರ್ ರಪಪೋರ್ಟ್. ಮೆಲ್ಬರ್ನ್‌ನವನು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಂದರಿನ ಶೈತ್ಯಾಗಾರಗಳ ಯಂತ್ರ ನೋಡಿಕೊಳ್ಳುವ ಕೆಲಸದ ಮೇಲೆ ಬಂದಿದ್ದ. ವಾರ ಕಳೆಯುವುದರೊಳಗೆ ಪ್ರಾರ್ಥನಾಮಂದಿರವಾದ ಸಿನಗಾಗ್‌ನ ಅಡುಗೆಮನೆಯ ಹಳೆಯ ಫ್ರೀಜರ್ ರಿಪೇರಿಯಾಯಿತು. ಮೆಲ್ಬರ್ನ್‌ನಿಂದ ಲಾರಿಯಲ್ಲಿ ಬರುವ, ಧರ್ಮದ ಕಟ್ಟಳೆಯಂತೆ ಕೊಯ್ದ ಕೋಷರ್ ಕೋಳಿ ಅದರಲ್ಲಿ ಕಲ್ಲಾಗಿ ನಿಂತಿತು. ಇನ್ನೊಂದು ವಾರದಲ್ಲಿ ಸಮುದಾಯದ ಹಿರಿಯರಾದ ಹೆಟ್ಟಿ ಆಂಟಿ ಅವನಿಗೆ ಶುಕ್ರವಾರದ ಊಟಕ್ಕೆ ಕಾಯಂ ಕುರ್ಚಿ ಕೊಟ್ಟರು.

ಪ್ರತಿ ಗುರುವಾರ ತಿರ್ಜಾ ಔಷಧಿ ಅಂಗಡಿಯ ಕೆಲಸ ಮುಗಿಸಿ ಸಮುದಾಯದ ವಾರಪತ್ರಿಕೆ ಸಿದ್ಧ ಮಾಡುತ್ತಿದ್ದಳು. ದೀಪ ಹಚ್ಚುವ ಸಮಯ, ಯಾರ ತಂದೆತಾಯಿಯ ಪುಣ್ಯತಿಥಿ, ಪ್ರಾರ್ಥನೆಯ ನಂತರದ ಉಪಾಹಾರ ಯಾರದು, ಮುಂದಿನ ಕಾರ್ಯಕ್ರಮ ಯಾವುದು. ಎಲ್ಲವೂ ಸೇರಿ ಒಂದೇ ಹಾಳೆ. ಹಬ್ಬ ಬಂದಾಗಲೆಲ್ಲ ಕೊನೆಯಲ್ಲಿ ಒಂದು ಸಾಲು ತಾನಾಗಿಯೇ ಬರುತ್ತಿತ್ತು: ಯಾಜಕರ ಆಶೀರ್ವಾದ ಇರುವುದಿಲ್ಲ. ಹೊಸ ವರ್ಷದ ಹಬ್ಬದ ಹಾಳೆಯಿಂದ ಅವಳು ಆ ಸಾಲನ್ನು ತೆಗೆದುಹಾಕಿದಳು.

ಆ ಬೆಳಿಗ್ಗೆ ಅಶೇರ್ ಬೂಟು ಬಿಚ್ಚಿ, ಕೈತೊಳೆದು, ಧರ್ಮಗ್ರಂಥದ ಸುರುಳಿಗಳಿರುವ ಪವಿತ್ರ ಪೆಟ್ಟಿಗೆಯ ಮುಂದಿನ ಮೆಟ್ಟಿಲು ಹತ್ತಿದ. ಪ್ರಾರ್ಥನೆಯ ಬಿಳಿಶಾಲನ್ನು ತಲೆಯ ಮೇಲಿಂದ ಇಳಿಬಿಟ್ಟು, ಅದರೊಳಗೆ ಎರಡೂ ಕೈ ಎತ್ತಿ ಬೆರಳು ಅಗಲಿಸಿದ. ಜನರನ್ನು ಪ್ರೀತಿಯಿಂದ ಆಶೀರ್ವದಿಸಬೇಕೆಂಬುದು ತನಗಿರುವ ಆಜ್ಞೆ ಎಂದು ಮೊದಲು ಹೇಳಿಕೊಂಡು, ಆಮೇಲೆ ಆಶೀರ್ವದಿಸಬೇಕು. ಆಗ ಯಾರೂ ಯಾಜಕನ ಕಡೆ ನೋಡಬಾರದು. ಎಲ್ಲರೂ ಕಣ್ಣು ಮುಚ್ಚಿದರು.

ಹೆಂಗಸರ ಸಾಲಿನ ಜಾಲರಿಯ ಹಿಂದೆ ತಿರ್ಜಾ ಕಣ್ಣು ತೆರೆದಳು. ಬಿಳಿಶಾಲಿನ ಕೆಳಗೆ ಅವನ ಪಾದಗಳಷ್ಟೇ ಕಂಡವು. ಎಡಗಾಲಿನ ಕಾಲುಚೀಲ ತೂತಾಗಿ ಹೆಬ್ಬೆರಳು ಇಣುಕುತ್ತಿತ್ತು.

ಉಪಾಹಾರದ ಹೊತ್ತಿಗೆ ಅವನು ಜೇನು ಕೇಕಿನ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದ.

"ನೀವು ನೋಡಿದ್ರಿ."

"ಏನನ್ನ?"

"ನೋಡಬಾರದ್ದನ್ನ."

"ಶಾಲು ಹೊದ್ಕೊಂಡಿದ್ದವರಿಗೆ ಹೇಗ್ರೀ ಗೊತ್ತಾಯ್ತು?"

"ಇಡೀ ಸಿನಗಾಗ್‌ನಲ್ಲಿ ಒಬ್ರೇ ಕಿಸಕ್ ಅಂದದ್ದು ಕೇಳಿಸ್ತು."

"ನಿಮ್ಮ ಪವಿತ್ರವಾದ ಹೆಬ್ಬೆರಳಿಗೆ ಗಾಳಿ ಬೇಕಿತ್ತೇನೋ ಅನ್ಕೊಂಡೆ," ಎಂದಳು ತಿರ್ಜಾ. ಅವನ ಕತ್ತಿನಿಂದ ಕೆಂಪು ಏರಿ ಕಿವಿಯವರೆಗೆ ಹೋದದ್ದನ್ನು ಬಹಳ ಹೊತ್ತು ನೋಡಿದಳು. ಅದನ್ನು ನೋಡಬಾರದೆಂದು ಯಾವ ಕಟ್ಟಳೆಯೂ ಇರಲಿಲ್ಲ.

ಬೇರೆ ಕಟ್ಟಳೆಗಳಿದ್ದವು.

ಚಪ್ಪರದ ಹಬ್ಬಕ್ಕೆ ಸಿನಗಾಗ್ ಅಂಗಳದಲ್ಲಿ ತೆಂಗಿನ ಗರಿ ಹೊದಿಸುವಾಗ ಹೆಟ್ಟಿ ಆಂಟಿ ಅವಳ ತೋಳು ಹಿಡಿದು ಬದಿಗೆ ಕರೆದರು.

"ನೋಡೇ, ಅವನು ಏಣಿ ಮೇಲಿದ್ದಾನೆ, ನೀನು ಕೆಳಗಿದ್ದೀಯ. ಗರಿ ಕೊಡೋಕೆ ಅಷ್ಟು ಹೊತ್ತು ಬೇಕೇನೇ?"

"ಗರಿ ಉದ್ದ ಇದೆ ಆಂಟಿ."

"ಉದ್ದ ಇರೋದು ನಿನ್ನ ನೋಟ. ನಾನೇನು ಬೇಡ ಅಂತೀನಾ? ಬೇಡ ಅನ್ನೋದು ಧರ್ಮ. ನೀನಿನ್ನೂ ಆ ಜೂಲಿಯನ್ ಹೆಂಡತಿ ಕಣೇ."

ಜೂಲಿಯನ್ ಮನೆ ಬಿಟ್ಟು ಆರು ವರ್ಷವಾಗಿತ್ತು. ಸರ್ಕಾರದ ಕೋರ್ಟಿನಲ್ಲಿ ವಿಚ್ಛೇದನ ಮುಗಿದಿತ್ತು. ಆದರೆ ಧರ್ಮದ ಪ್ರಕಾರ ಗಂಡನೇ ಯಾರ ಒತ್ತಾಯವೂ ಇಲ್ಲದೆ ಬಿಡುಗಡೆ ಪತ್ರ ಬರೆಸಿ ಹೆಂಡತಿಯ ಕೈಗೆ ತಲುಪಿಸಬೇಕು. ಅವನು ದೇಶದ ಇನ್ನೊಂದು ತುದಿಯ ಕಾಲ್ಗೂರ್ಲಿಯ ಗಣಿಯಲ್ಲಿ ಕೂತು ಕೊಡುವುದಿಲ್ಲ ಎಂದಿದ್ದ. ಧರ್ಮಗುರುಗಳಾದ ರಬ್ಬಿಗಳು ಫೋನ್ ಮಾಡಿದರು, ಅವನ ಅಣ್ಣ ಬೈದ. "ಅವಳು ಇನ್ನೊಬ್ಬನ ಜೊತೆ ಸುಖವಾಗಿರೋಕೆ ನಾನ್ಯಾಕೆ ಸಹಿ ಹಾಕ್ಲಿ?" ಎಂದಷ್ಟೇ ಅವನ ಉತ್ತರ.

"ಪತ್ರ ಕೊಟ್ರೂ ನಿನಗೇನು ಬಂತು?" ಆಂಟಿ ದನಿ ತಗ್ಗಿಸಿದರು. "ಬಿಡುಗಡೆ ಆದವಳನ್ನ ಕೋಹೆನ್ ಮದ್ವೆ ಆಗೋ ಹಾಗಿಲ್ಲ. ವಿಧವೆಯನ್ನ ಆಗಬಹುದು. ಆ ಜೂಲಿಯನ್ ಸತ್ರೆ ಒಂದು ದಾರಿ ಇದೆ. ದೇವ್ರೇ ಕ್ಷಮಿಸು, ನಾನು ಹೇಳ್ಲಿಲ್ಲ."

"ಹೇಳಿಬಿಟ್ರಲ್ಲ ಆಂಟಿ."

"ಹೇಳಿದ್ದು ಬಾಯಿ. ನಾನಲ್ಲ."

ಹಬ್ಬ ಮುಗಿದು ಚಪ್ಪರ ಬಿಚ್ಚುವ ದಿನ ಬೇರೆ ಯಾರೂ ಬರಲಿಲ್ಲ. ಒಣಗಿದ ಗರಿಗಳ ಕೆಳಗೆ ಸೆಕೆ ಮಡುಗಟ್ಟಿತ್ತು. ದಾರದಲ್ಲಿ ತೂಗುಹಾಕಿದ್ದ ಮಾವಿನ ಮಿಡಿಗಳನ್ನು ಅಶೇರ್ ಒಂದೊಂದಾಗಿ ಕತ್ತರಿಸಿ ಅವಳ ಬುಟ್ಟಿಗೆ ಹಾಕುತ್ತಿದ್ದ.

"ಮುಂದಿನ ವಾರ ಕಾಲ್ಗೂರ್ಲಿಗೆ ಹೋಗ್ತಿದ್ದೀನಿ," ಎಂದ.

ಅವಳ ಕೈ ಬುಟ್ಟಿಯ ಅಂಚಿನಲ್ಲಿ ನಿಂತಿತು. "ಅಲ್ಲಿ ಯಾವ ಫ್ರೀಜರ್ ಕೆಟ್ಟಿದೆ?"

"ಜೂಲಿಯನ್."

"ನಿಮಗೆ ಗೊತ್ತಲ್ಲ, ಪತ್ರ ಬಂದ್ರೆ ನಾನೇನಾಗ್ತೀನಿ ಅಂತ?"

"ಗೊತ್ತು."

"ಆಮೇಲೆ ನೀವು ನನ್ನ..."

"ಗೊತ್ತು ತಿರ್ಜಾ."

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಅದು ಈ ಹೊತ್ತಿನಲ್ಲಿ ಬರಬೇಕಿತ್ತೇ ಎಂದು ಅವಳಿಗೆ ಸಿಟ್ಟು ಬಂತು.

"ಹಾಗಾದ್ರೆ ಹೋಗಬೇಡಿ. ಇರೋದು ಒಂದೇ ಕಿಂಡಿ. ಅದನ್ನೂ ನೀವೇ ಮುಚ್ಚೋಕೆ ಹೊರಟಿದ್ದೀರಿ."

"ಆ ಕಿಂಡಿ ಏನು ಅಂತ ಬಾಯಿಬಿಟ್ಟು ಹೇಳಿ ನೋಡೋಣ."

ಅವಳು ಬುಟ್ಟಿಯಲ್ಲಿದ್ದ ಮಿಡಿಗಳನ್ನು ಅತ್ತಿತ್ತ ಸರಿಸಿದಳು.

"ನಾನೂ ಯೋಚ್ನೆ ಮಾಡಿದ್ದೀನಿ," ಎಂದ ಅವನು. "ಗಣಿ ಕುಸಿದ ಸುದ್ದಿ ರೇಡಿಯೋದಲ್ಲಿ ಬಂದ್ರೆ ಯಾವ ಊರು ಅಂತ ಕಿವಿ ನಿಮಿರುತ್ತೆ. ಮೊನ್ನೆ ಹಬ್ಬದಲ್ಲಿ ಆ ಮೆಟ್ಟಿಲ ಮೇಲೆ ನಿಂತಾಗಲೂ ಅದೇ ಯೋಚ್ನೆ. ಒಬ್ಬ ಮನುಷ್ಯ ಸಾಯ್ಲಿ ಅಂತ ಕಾಯ್ತಾ ನಿಂತವನು 'ಪ್ರೀತಿಯಿಂದ' ಅಂತ ಹೇಗೆ ಹೇಳ್ಬೇಕು? ಹೇಳ್ದೆ. ಆವತ್ತು ನಾನು ಹೇಳಿದ್ದು ಸುಳ್ಳು."

ಗರಿಯ ಸಂದಿನಿಂದ ಬಿಸಿಲು ಅವನ ಮುಖದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ತಿರ್ಜಾ ಕೈಯೆತ್ತಿ ಅವನ ಭುಜದ ಮೇಲಿದ್ದ ಒಣ ಎಲೆಚೂರನ್ನು ತೆಗೆಯಹೋದಳು. ಮುಟ್ಟುವ ಮುನ್ನವೇ ಕೈ ಹಿಂದೆ ಬಂತು. ಅವನು ತಾನೇ ಅದನ್ನು ಕೊಡವಿಕೊಂಡ.

ಎರಡು ವಾರದ ನಂತರ ಔಷಧಿ ಅಂಗಡಿಗೆ ಫೋನ್ ಬಂತು.

"ಒಪ್ಪಿದ," ಎಂದ ಅಶೇರ್.

"ಹೇಗೆ? ಆರು ವರ್ಷ ಯಾರ ಮಾತೂ ಕೇಳದವನು?"

ಆಚೆ ಕಡೆ ಲಾರಿಗಳ ಸದ್ದು. "ಮೊದಲು ಕೂಗಾಡಿದ. ನೀನ್ಯಾರು, ಅವಳಿಗೂ ನಿನಗೂ ಏನು ಅಂದ. ಇರೋದನ್ನೇ ಹೇಳ್ದೆ."

"ಏನಂತ?"

"ಏನಂತ ಅಂದ್ರೆ... ನಿಮ್ಮ ಮೇಲೆ ಮನಸ್ಸಿದೆ ಅಂತ. ಬಾಗಿಲು ತೋರಿಸಿದ. ಆಗ ನಾನು ಕೋಹೆನ್ ಅಂದೆ."

ತಿರ್ಜಾ ಕೌಂಟರಿನ ಅಂಚು ಹಿಡಿದುಕೊಂಡಳು.

"ಎಷ್ಟು ನಕ್ಕ ಅಂತೀರಿ. ಕಣ್ಣಲ್ಲಿ ನೀರು ಬರೋ ತನಕ ನಕ್ಕ. 'ಹಾಗಾದ್ರೆ ಈಗಲೇ ಕೊಡ್ತೀನಿ, ಪರ್ತ್‌ನ ರಬ್ಬಿಗೆ ಫೋನ್ ಹಚ್ಚು' ಅಂದ. ಯಾರೂ ಒತ್ತಾಯ ಮಾಡಿಲ್ಲ. ಖುಷಿಯಾಗಿ ಬರೆಸ್ತಿದ್ದಾನೆ."

"ಹಾಗೇ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ಅವನ ಬಗ್ಗೆ ನೀವು ಹೇಳಿದ್ದನ್ನ ಕೇಳಿ, ಹಾಗಾಗಬಹುದು ಅನ್ನಿಸಿತ್ತು," ಎಂದ ಅಶೇರ್.

ಹನುಕ್ಕಾ ಹಬ್ಬದ ವಾರ ಪತ್ರ ಬಂತು. ಜೂಲಿಯನ್ ಪರವಾಗಿ ಅದನ್ನು ತಂದ ದೂತರು ಗಡ್ಡದ ತುದಿಯಿಂದ ಬೆವರು ಒರೆಸಿಕೊಳ್ಳುತ್ತ ಸಿನಗಾಗ್ ಹಾಲ್‌ನಲ್ಲಿ ನಿಂತರು. ಸಾಕ್ಷಿಗಳು ಇಬ್ಬರು. ಗಾಳಿಗೆ ಪತ್ರ ಹಾರೀತೆಂದು ಫ್ಲೈಶ್‌ಮನ್ ಅಂಕಲ್ ಫ್ಯಾನ್ ಆರಿಸಿದರು. ಕಿಟಕಿಯಾಚೆ, ಗೇಟಿನ ಹೊರಗಿನ ಮರದ ಕೆಳಗೆ ಅಶೇರ್ ನಿಂತಿದ್ದ. ಇಲ್ಲಿ ಯಾರೂ ಸತ್ತಿರಲಿಲ್ಲ. ಆದರೂ ಅವನು ಒಳಗೆ ಬಂದಿರಲಿಲ್ಲ.

"ಉಂಗುರ ಇದ್ರೆ ತೆಗೀರಿ," ಎಂದರು ದೂತರು. "ಎರಡೂ ಕೈ ಬೊಗಸೆ ಮಾಡಿ. ಪತ್ರ ಬಿದ್ದ ಮೇಲೆ ಮುಚ್ಚಿ, ಎತ್ತಿ ಹಿಡೀರಿ. ಅಲ್ಲಿ ತನಕ ಕೈ ಅಲ್ಲಾಡಬಾರದು."

ತಿರ್ಜಾ ಬೊಗಸೆಯೊಡ್ಡಲಿಲ್ಲ. ಕೈಗಳು ಪಕ್ಕದಲ್ಲೇ ಇದ್ದವು. ಬೇಡ ಎಂದರೆ ಸಾಕು. ಅವಳು ಜೂಲಿಯನ್‌ನ ಹೆಂಡತಿಯಾಗಿಯೇ ಉಳಿಯುತ್ತಾಳೆ, ಕಿಂಡಿ ತೆರೆದೇ ಇರುತ್ತದೆ. ಎಲ್ಲೋ ಒಂದು ಗಣಿ, ಎಲ್ಲೋ ಒಂದು ರಸ್ತೆ, ಎಂದೋ ಒಂದು ದಿನ.

"ಏನಮ್ಮ?" ಎಂದರು ದೂತರು.

ಅವಳು ಕಿಟಕಿಯತ್ತ ನೋಡಿದಳು. ಅವನು ನೆಲ ನೋಡುತ್ತ ನಿಂತಿದ್ದ. ಅವನು ತಲೆಯೆತ್ತಿದ್ದರೆ ಏನಾಗುತ್ತಿತ್ತೋ. ಎತ್ತಲಿಲ್ಲ.

ಅವಳು ಬೊಗಸೆಯೊಡ್ಡಿದಳು. ಪತ್ರ ಬಿತ್ತು. ಅದಕ್ಕೆ ಭಾರವೇ ಇರಲಿಲ್ಲ.

"ಇನ್ನು ನೀವು ಸ್ವತಂತ್ರರು. ತೊಂಬತ್ತು ದಿನ ಕಳೆದ ಮೇಲೆ ಯಾರನ್ನು ಬೇಕಾದರೂ ಮದುವೆ ಆಗಬಹುದು," ಎಂದರು ದೂತರು. ಆಮೇಲೆ ದಿನವೂ ಹೇಳುವ ಮಾತಿನಂತೆ ಸೇರಿಸಿದರು, "ಯಾಜಕ ವಂಶದವರನ್ನ ಬಿಟ್ಟು."

ಹೆಟ್ಟಿ ಆಂಟಿ ಮೂಗು ಸೀಟಿದ್ದು ಇಡೀ ಹಾಲ್‌ಗೆ ಕೇಳಿಸಿತು.

ಹುಳಿಹಿಟ್ಟು ಮುಟ್ಟದ ಪೆಸಾಕ್ ಹಬ್ಬ ಹತ್ತಿರವಾದಾಗ ಅಶೇರ್ ಡಾರ್ವಿನ್ ಬಂದರಿಗೆ ವರ್ಗ ಕೇಳಿ ತೆಗೆದುಕೊಂಡ ಸುದ್ದಿ ಹಬ್ಬಿತು. ಅಡುಗೆಮನೆಯ ಫ್ರೀಜರ್ ಮುಂದೆ ತಿರ್ಜಾ ಅವನನ್ನು ಹಿಡಿದು ನಿಲ್ಲಿಸಿದಳು.

"ಯಾಕೆ ಹೋಗ್ತಿದ್ದೀಯ?"

ಅವಳು 'ನೀನು' ಎಂದದ್ದನ್ನು ಇಬ್ಬರೂ ಕೇಳಿಸಿಕೊಂಡರು, ಇಬ್ಬರೂ ಕೇಳಿಸದಂತಿದ್ದರು.

"ಸಿಡ್ನಿಯಲ್ಲಿ ನಮ್ಮಂಥವರಿಗೂ ಮದುವೆ ಮಾಡಿಸೋ ರಬ್ಬಿಗಳಿದ್ದಾರೆ," ಎಂದ ಅವನು, ಫ್ರೀಜರ್ ಬಾಗಿಲಿನ ರಬ್ಬರ್ ಒತ್ತಿ ನೋಡುತ್ತ. "ಕೋರ್ಟಿನಲ್ಲೂ ಆಗಬಹುದು. ಆದ್ರೆ ಆಮೇಲೆ ನಾನು ಆ ಮೆಟ್ಟಿಲು ಹತ್ತೋ ಹಾಗಿಲ್ಲ. ನಮ್ಮಪ್ಪ ನಿಂತದ್ದು, ಅವರಪ್ಪ ನಿಂತದ್ದು. ಇಲ್ಲೇ ಇದ್ರೆ ಒಂದಿನ ನಿನ್ನ ಕೇಳೇ ಕೇಳ್ತೀನಿ."

"ನಾನು ಬೇಡ ಅಂತೀನಿ."

"ಅಂತೀಯಾ?"

ಫ್ರೀಜರ್ ಗುಂಯ್ ಎನ್ನುತ್ತಿತ್ತು. ತಿರ್ಜಾ ಅದರ ಬಾಗಿಲನ್ನು ಒತ್ತಿ ಮುಚ್ಚಿದಳು.

"ಹೋಗು," ಎಂದಳು ಕೊನೆಗೆ.

ಆ ಗುರುವಾರದ ಹಾಳೆಯಲ್ಲಿ ಅವಳೇ ಬರೆದಳು: ಹಬ್ಬದ ಕೊನೆಯ ದಿನ ಯಾಜಕರ ಆಶೀರ್ವಾದ ಇರುತ್ತದೆ. ನಂತರ ಶ್ರೀ ಅಶೇರ್ ರಪಪೋರ್ಟ್ ಅವರಿಗೆ ಬೀಳ್ಕೊಡುಗೆ ಊಟ. ದಯವಿಟ್ಟು ಹುಳಿಹಿಟ್ಟಿನ ಪದಾರ್ಥ ತರಬೇಡಿ.

ಕೊನೆಯ ದಿನ ಅವನು ಬೂಟು ಬಿಚ್ಚಿ ಮೆಟ್ಟಿಲು ಹತ್ತಿದ. ಶಾಲು ಇಳಿಬಿಟ್ಟ. 'ಪ್ರೀತಿಯಿಂದ' ಎಂಬ ಮಾತಿನ ಹತ್ತಿರ ಬಂದಾಗ ದನಿ ನಿಂತಿತು. ಆಮೇಲೆ ಆ ಮಾತು ಸ್ಪಷ್ಟವಾಗಿ, ಗಟ್ಟಿಯಾಗಿ ಬಂತು. ಈ ಸಲ ಅದು ಸುಳ್ಳಲ್ಲ ಎಂದು ತಿರ್ಜಾಳಿಗೆ ತಿಳಿಯಿತು.

ಜಾಲರಿಯ ಹಿಂದೆ ಹೆಟ್ಟಿ ಆಂಟಿ ಮೊಣಕೈಯಿಂದ ತಿವಿದರು. "ನೋಡೇ, ಒಂದ್ಸಲ ನೋಡ್ಕೊಂಡು ಬಿಡು. ದೇವರು ಏನೂ ಅನ್ಕೊಳ್ಳಲ್ಲ."

ತಿರ್ಜಾ ಬೇಡವೆಂದು ತಲೆಯಾಡಿಸಿದಳು. ಅಂಗೈಗಳಿಂದ ಕಣ್ಣನ್ನು ಒತ್ತಿ ಮುಚ್ಚಿಕೊಂಡು, ಎಲ್ಲರದ್ದಕ್ಕಿಂತ ಒಂದು ಕ್ಷಣ ತಡವಾಗಿ ಆಮೆನ್ ಎಂದಳು. ಅವನ ಕಾಲುಚೀಲ ಅಂದು ತೂತಾಗಿತ್ತೋ ಇಲ್ಲವೋ, ಅವಳಿಗೆ ಎಂದೂ ಗೊತ್ತಾಗಲಿಲ್ಲ.