ನೋಟಗಂಟೆ ಕಟ್ಟಿದ ಕೈ

ಖೊಖೊ ಕಂಬದ ಪಕ್ಕ ನಿಂತಿದ್ದ ಕುಮುದಾ ಟೀಚರ್ ಇದ್ದಕ್ಕಿದ್ದಂತೆ ಸೀಟಿ ಊದಿಬಿಟ್ಟಳು. ಅಂಕಣದಲ್ಲಿ ಯಾರೂ ಔಟಾಗಿರಲಿಲ್ಲ, ಯಾರೂ ತಪ್ಪು ಆಡಿರಲಿಲ್ಲ. ಅವಳ ಎಡ ಮಣಿಕಟ್ಟು ಜುಮ್ಮೆಂದಿತ್ತು, ಅಷ್ಟೇ.

"ಮಿಸ್, ನನ್ನನ್ನ ಯಾರು ಮುಟ್ಟಿದ್ದು? ತೋರಿಸಿ ನೋಡೋಣ!" ಎಂದು ಓಡುತ್ತಿದ್ದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೇ ನಿಂತಳು.

"ಯಾರೂ ಮುಟ್ಟಿಲ್ಲ, ಆಡಿ ಆಡಿ," ಎಂದು ಕುಮುದಾ ಕೈಬೀಸಿದಳು. ಹುಡುಗಿಯರು ಮುಖಮುಖ ನೋಡಿಕೊಂಡರು. ಈ ಮಿಸ್ಸಿಗೆ ಈಚೆಗೆ ಏನೋ ಆಗಿದೆ ಎಂದು ಅವರಿಗೆ ಆಗಲೇ ಅನುಮಾನ ಬಂದಿತ್ತು. ಅಷ್ಟರಲ್ಲಿ ಮಣಿಕಟ್ಟು ಮತ್ತೆ ಜುಮ್ಮೆಂದಿತು. ಹಾಳಾದ್ದು! ಬೆಳಗಿನಿಂದ ಒಂದು ಗಳಿಗೆ ಬಿಡುವು ಕೊಟ್ಟಿರಲಿಲ್ಲ.

ಆ ಕೈಗೆ ಕಟ್ಟಿದ್ದುದು ನೋಟಗಂಟೆ. ಹೆಸರಿಗೆ ಗಂಟೆಯೇ ಹೊರತು ಅದು ಸದ್ದು ಮಾಡುವುದಿಲ್ಲ. ನೋಡುವುದಕ್ಕೆ ತೆಳ್ಳಗಿನ ರಬ್ಬರು ಬಳೆ. ನಮ್ಮ ಮುಖ, ದನಿ, ವಿಳಾಸ, ಆಸ್ಪತ್ರೆಯ ಚೀಟಿ, ಹೀಗೆ ನಮಗೆ ಸೇರಿದ ಮಾಹಿತಿ ಜಾಲಕ್ಕೆ ಹೋಗುವಾಗ ಅದಕ್ಕೆ ನಮ್ಮದೇ ಆದ ಒಂದು ಸೂಕ್ಷ್ಮ ಗುರುತು ಅಂಟಿಕೊಳ್ಳುವಂತೆ ವಿಜ್ಞಾನಿಗಳು ವ್ಯವಸ್ಥೆ ಮಾಡಿದ್ದರು. ಅದನ್ನು ಗುರುತೆಳೆ ಎಂದು ಕರೆದರು. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಆ ಮಾಹಿತಿಯನ್ನು ತೆರೆದರೂ ಎಳೆ ಮಿಡಿಯುತ್ತದೆ. ಮಿಡಿತ ಸೀದಾ ಅದರ ಒಡೆಯರ ಕೈಗೆ ಬಂದು ಮುಟ್ಟುತ್ತದೆ. ಸೋರಿಹೋದ ಮಾಹಿತಿಯನ್ನು ಕದ್ದು ನೋಡಿದವರ ಹೆಸರು, ಊರನ್ನು ಅದರ ಒಡೆಯರಿಗೆ ತಿಳಿಸಬೇಕೆಂದು ಕಾಯಿದೆಯೂ ಬಂದಿತ್ತು. ಇನ್ನು ಮೇಲೆ ಯಾರೂ ಯಾರ ಮನೆಯ ಕಿಟಕಿಯಲ್ಲೂ ಇಣುಕಲಾರರು ಎಂದು ಸರಕಾರ ಬೀಗಿತ್ತು. ಇಣುಕುವವರು ಇಣುಕುತ್ತಲೇ ಇದ್ದರು. ಇಣುಕಿಸಿಕೊಂಡವರಿಗೆ ಅದು ಗೊತ್ತಾಗತೊಡಗಿತು, ಬದಲಾದದ್ದು ಇಷ್ಟೇ.

ಕುಮುದಾಳ ಸೋರಿಹೋದ ಗುಟ್ಟು ಬಹಳ ಹಳೆಯದು. ಚಿಕ್ಕಂದಿನಲ್ಲಿ ಅವಳಿಗೆ ಫಿಟ್ಸ್ ಬರುತ್ತಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮಾತ್ರೆ ತಿಂದು ಪೂರ್ತಿ ಗುಣವಾಗಿದ್ದಳು. ಆದರೆ ತಾಯಿ ಸರ್ವಮಂಗಳಮ್ಮ ಆ ಪದವನ್ನು ಮನೆಯಲ್ಲಿ ಎತ್ತಲೂ ಬಿಡುತ್ತಿರಲಿಲ್ಲ. ತನ್ನ ಸ್ವಂತ ಅಣ್ಣತಮ್ಮಂದಿರಿಗೂ ಹೇಳಿರಲಿಲ್ಲ. ಈಗ ಮೂರು ತಿಂಗಳ ಕೆಳಗೆ ಹರಿಹರದ ಸಂಬಂಧವೊಂದು ಗೊತ್ತಾಗಿ, ನಿಶ್ಚಿತಾರ್ಥದ ಸೀರೆಯನ್ನೂ ತಂದಿದ್ದಾಗ ಹುಡುಗನ ಕಡೆಯವರು ಫೋನು ಮಾಡಿ, "ನಿಮ್ಮ ಹುಡುಗಿಯ ಆಸ್ಪತ್ರೆ ಚೀಟಿ ನಮಗೆ ಸಿಕ್ಕಿದೆ, ಬೇಡ ಬಿಡಿ," ಎಂದಿದ್ದರು.

ಮದುವೆ ಮುರಿದದ್ದಕ್ಕೆ ಕುಮುದಾ ಎರಡು ದಿನ ಅತ್ತಳು, ಸರಿಹೋದಳು. ಅವಳ ನಿದ್ದೆ ಕೆಡಿಸಿದ್ದು ಬೇರೆಯದೇ. ಚೀಟಿ ಹರಿಹರಕ್ಕೆ ಹೋದದ್ದು ನಾಳೆ ಶಾಲೆಗೆ ಬಾರದಿರುತ್ತದೆಯೇ? ಮಕ್ಕಳನ್ನು ಬಿಸಿಲಲ್ಲಿ ಓಡಿಸುವ ಆಟದ ಟೀಚರಿಗೆ ಫಿಟ್ಸ್ ಇತ್ತು ಎಂದು ಒಬ್ಬರ ಕಿವಿಗೆ ಬಿದ್ದರೂ ಮುಗಿಯಿತು. ತಂದೆತಾಯಿಯರು ಮುತ್ತಿಗೆ ಹಾಕುತ್ತಾರೆ. ಮುಖ್ಯೋಪಾಧ್ಯಾಯಿನಿ ವಿರೂಪಾಕ್ಷಮ್ಮನವರಂತೂ ಮಕ್ಕಳ ಶೂ ಲೇಸು ಬಿಚ್ಚಿದ್ದರೂ ರೇಗುವ ಹೆಂಗಸು. ಆಟದ ಬಯಲು ಬಿಟ್ಟರೆ ಕುಮುದಾಳಿಗೆ ಬೇರೆ ಲೋಕವೇ ಇರಲಿಲ್ಲ.

ಆ ಸಂಜೆ ಅವಳು ಊರ ಹೊರಗಿನ ಹಳೆಯ ಹತ್ತಿ ಗಿರಣಿಗೆ ಹೋದಳು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿ, ಈಗ ಅಲ್ಲಿ ನೋಟಗಂಟೆಯ ಪ್ರಯೋಗಾಲಯವಿತ್ತು. ಗಂಟೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಡಾ. ಯತಿರಾಜ್ ಅಲ್ಲೇ ಕೂರುತ್ತಿದ್ದರು.

"ಅಳಿಸಬೇಕಾ? ಅಳಿಸೋಣ ಮೇಡಂ," ಎಂದರು ಅವರು. "ನಿಮ್ಮ ಹೆಬ್ಬೆರಳು ಒತ್ತಿದರೆ ಸಾಕು, ಆ ಚೀಟಿಯ ಪ್ರತಿಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಮಾಯವಾಗುತ್ತವೆ. ಒಂದು ಸಲ ಅಳಿಸಿದ್ದನ್ನು ಮತ್ತೆ ತರುವುದಕ್ಕೆ ಆಗುವುದಿಲ್ಲ, ಅದು ನೆನಪಿರಲಿ."

"ಅದಕ್ಕೆ ಮೊದಲು ಇದನ್ನು ಹೊರಗೆ ಹಾಕಿದವರು ಯಾರು ಅಂತ ಗೊತ್ತಾಗಬೇಕು ಸರ್."

"ಯಾಕೆ ಬೇಕು? ಹಿಂಜಾಡು ಹಿಡಿದು ಹೋದವರು ಯಾರೂ ನಗುತ್ತಾ ವಾಪಸು ಬಂದಿಲ್ಲ, ನಾನು ನೋಡಿದ ಹಾಗೆ."

"ನನ್ನ ಮಾನ ಬೀದಿಗೆ ತಂದವರು ಸರ್! ಅವರನ್ನು ಬಿಟ್ಟುಬಿಡಲಾ?"

ಯತಿರಾಜ್ ಪರದೆಯನ್ನು ಅವಳ ಕಡೆ ತಿರುಗಿಸಿದರು. ಮಾಹಿತಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದಾಗಲೆಲ್ಲ ಗುರುತೆಳೆಯಲ್ಲಿ ಒಂದು ಗಂಟು ಬೀಳುತ್ತದೆ. ಗಂಟುಗಳನ್ನು ಕೊನೆಯಿಂದ ಮೊದಲಿಗೆ ಬಿಚ್ಚುತ್ತ ಹೋಗುವುದೇ ಹಿಂಜಾಡು. ಹರಿಹರದವರಿಗೆ ಚೀಟಿ ಕೊಟ್ಟದ್ದು ವಧೂವರರ ವಾಟ್ಸಾಪ್ ಗುಂಪಿನ ಒಬ್ಬ ಮಧ್ಯಸ್ಥ. ಅವನಿಗೆ ಮಾರಿದ್ದು ಮಾಹಿತಿ ಮಾರುವ ಒಂದು ಕಂಪನಿ. ಆ ಗಂಟಿನಿಂದ ಇನ್ನೊಂದು ಕವಲೂ ಹೊರಟಿತ್ತು. ಯತಿರಾಜ್ ಅದನ್ನು ತೆರೆದಾಗ ಕುಮುದಾ ಕುರ್ಚಿಯಿಂದ ಎದ್ದೇಬಿಟ್ಟಳು. ಯಾವನೋ ಬೇರಿನ ಪುಡಿ ಮಾರುವವನ ಪುಟ ಅದು. ಒಂದು ಕಡೆ ಅವಳ ಬಾಲ್ಯದ ಆಸ್ಪತ್ರೆ ಚೀಟಿ, ಇನ್ನೊಂದು ಕಡೆ ಅವಳು ಸೀಟಿ ಹಿಡಿದು ನಗುತ್ತಿರುವ ಕ್ರೀಡಾ ದಿನಾಚರಣೆಯ ಫೋಟೋ. ಕೆಳಗೆ ದಪ್ಪಕ್ಷರ: ನಮ್ಮ ಪುಡಿಯಿಂದ ಗುಣವಾದ ಯುವತಿ!

"ಥೂ! ನಾನು ಇವನ ಪುಡಿ ಮೂಸಿಯೂ ನೋಡಿಲ್ಲ!"

"ನಿಮ್ಮ ಕೈ ಜುಮ್ಮೆನ್ನುವುದು ಹೆಚ್ಚಾಗಿ ಈ ಪುಟದಿಂದಲೇ. ನೋಡಿದವರ ಹೆಸರು ಬೇಕಾ?"

"ಅವರನ್ನು ಕಟ್ಟಿಕೊಂಡು ನನಗೇನು? ಹಿಂದಕ್ಕೆ ಹೋಗಿ ಸರ್. ಕಂಪನಿಗೆ ಕೊಟ್ಟವರು ಯಾರು?"

ಕಂಪನಿಗೆ ಕೊಟ್ಟದ್ದು ಭವಿಷ್ಯ ಹೇಳುವ ಒಂದು ಆ್ಯಪ್. ಆ್ಯಪಿಗೆ ಕೊಟ್ಟದ್ದು ಒಂದು ಮೊಬೈಲು. ಪರದೆಯ ಮೇಲೆ ಮೂಡಿದ ನಂಬರನ್ನು ಕುಮುದಾ ಎರಡೆರಡು ಸಲ ಓದಿದಳು. ಅವಳೇ ಕೊಡಿಸಿದ ಮೊಬೈಲು ಅದು. ಅವಳು ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕುಳಿತಳು. ಹಾಗೆ ಕುಳಿತ ಬಹಳ ಜನರನ್ನು ಯತಿರಾಜ್ ಕಂಡಿದ್ದರು.

ಮನೆಗೆ ಬಂದಾಗ ಸರ್ವಮಂಗಳಮ್ಮ ರೊಟ್ಟಿ ತಟ್ಟುತ್ತಿದ್ದರು.

"ಅಮ್ಮಾ, ನನ್ನ ಆಸ್ಪತ್ರೆ ಚೀಟಿ ಯಾರಿಗೆ ಕಳಿಸಿದ್ದೆ?"

"ನಾನ್ಯಾಕೆ ಕಳಿಸಲೇ? ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀನಲ್ಲ."

"ಜ್ಯೋತಿಷ್ಯದ ಆ್ಯಪಿಗೆ?"

ತಟ್ಟುವ ಕೈ ನಿಂತಿತು. "ಅಯ್ಯೋ, ಅದು ಯಾರಿಗೋ ಕಳಿಸಿದ್ದಲ್ಲ ಕಣೇ. ಗುರುಗಳನ್ನ ಕೇಳಿದ್ದು. ಮದುವೆಯಾದ ಮೇಲೆ ನಿನಗೆ ಮತ್ತೆ ಬರುತ್ತದೋ ಏನೋ ಅಂತ ಹೊಟ್ಟೆಯಲ್ಲಿ ಬೆಂಕಿ ನನಗೆ. ಜಾತಕ ಹಾಕಿ ಅಂದರು, ಹಾಕಿದೆ. ಕಾಯಿಲೆ ಕಸಾಲೆ ಇದ್ದರೆ ಅದರ ಕಾಗದವನ್ನೂ ಹಾಕಿ ಅಂದರು, ಹಾಕಿದೆ. ಗುರುಗಳ ಹತ್ತಿರ ಮುಚ್ಚಿಡಬಾರದಲ್ಲ!"

"ಅದು ಗುರುಗಳಲ್ಲಮ್ಮ, ಯಂತ್ರ!"

"ಮಾತು ಎಷ್ಟು ಮೆತ್ತಗಿತ್ತು ಕಣೇ. ತಾಯೀ ಅಂತಲೇ ಕರೆಯುತ್ತಿದ್ದರು. ಮತ್ತೆ ಬರೋದಿಲ್ಲ, ಒಂದು ರುದ್ರಾಭಿಷೇಕ ಮಾಡಿಸಿ ಅಂದರು. ಮಾಡಿಸಿದೆ."

ಒಡಹುಟ್ಟಿದವರಿಗೂ ಹೇಳದ ಗುಟ್ಟನ್ನು ತಾಯಿ ಆ್ಯಪಿನ ಬಾಯಿಗೆ ಹಾಕಿದ್ದರು. ಕುಮುದಾ ಕೂಗಾಡಬೇಕೆಂದು ಬಾಯಿ ತೆರೆದಳು. ತಾಯಿಯ ಮುಖ ನೋಡಿ ಕೋಪ ಇಳಿಯಿತು. ಹರಿಹರದವರ ಫೋನಿಗೂ ಆ ಚೀಟಿಗೂ ಇರುವ ನಂಟು ಸರ್ವಮಂಗಳಮ್ಮನಿಗೆ ಈಗ ಹೊಳೆದಿತ್ತು. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಅವರು ಹಾಗೇ ಕೂತಿದ್ದರು. "ನಾನೇ ಹಾಳು ಮಾಡಿದೆನೇನೇ?" ಎಂದರು. ಕುಮುದಾ ಒಲೆ ಆರಿಸಿ, "ಊಟಕ್ಕೆ ಏಳಮ್ಮ," ಎಂದಳು. ಇಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆಯೇ ಅವಳು ಗಿರಣಿಗೆ ಹೋಗಿ ಹೆಬ್ಬೆರಳು ಒತ್ತಿದಳು. ಪರದೆಯ ಮೇಲೆ ಹರಡಿಕೊಂಡಿದ್ದ ಕವಲುಗಳು ಒಂದೊಂದಾಗಿ ನಂದಿದವು. ಪುಡಿ ಮಾರುವವನ ಪುಟದಲ್ಲಿ ಚೀಟಿಯ ಜೊತೆಗೆ ಅವಳ ಫೋಟೋವೂ ಹೋಗಿ ಖಾಲಿ ಚೌಕಗಳು ಉಳಿದವು.

"ಕಾಯಿದೆ ಪ್ರಕಾರ ನೋಡಿದವರಿಗೆಲ್ಲ ಒಂದು ನೋಟಿಸು ಹೋಗುತ್ತದೆ," ಎಂದರು ಯತಿರಾಜ್. "ಅವರಿಗೆ ಒಂದೇ ಒಂದು ಸಲ ಸಮಜಾಯಿಷಿ ಹೇಳುವ ಅವಕಾಶ ಉಂಟು. ಯಾರೂ ಹೇಳುವುದಿಲ್ಲ. ನಾಚಿಕೆಯಿಂದ ಸುಮ್ಮನಾಗುತ್ತಾರೆ. ಹೋಗಿ ಬನ್ನಿ ಮೇಡಂ, ನೆಮ್ಮದಿಯಾಗಿರಿ."

ಕೈ ಜುಮ್ಮೆನ್ನಲಿಲ್ಲ. ಶಾಲೆಯ ಗೇಟು ದಾಟಿದಳು, ಜುಮ್ಮೆನ್ನಲಿಲ್ಲ. ಮೊದಲ ಅವಧಿ ಕವಾಯತು ಮುಗಿಯಿತು, ಇಲ್ಲ. ನೆಮ್ಮದಿಯಾಗಬೇಕಿತ್ತು, ಆದರೆ ಅವಳು ಮಾತುಮಾತಿಗೂ ಮಣಿಕಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗೆ.

ಮಧ್ಯಾಹ್ನ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಕಾಗದದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹರಡಿಕೊಂಡು ಕುಳಿತಿದ್ದರು. ಆಗ ಅವಳ ಮೊಬೈಲಿಗೆ ಸಮಜಾಯಿಷಿಯ ಒಂದು ಧ್ವನಿ ಸಂದೇಶ ಬಂತು. ಕಿವಿಗೆ ಹಚ್ಚಿಕೊಂಡಳು. ಹಿಂದೆ ಮಗ್ಗದ ಸದ್ದು, ಮುಂದೆ ಅಳುಕಿನ ಹೆಣ್ಣು ದನಿ.

"ಅಮ್ಮಾ, ನಾನು ಮೊಳಕಾಲ್ಮುರಿನ ಓಬಮ್ಮ. ಪೊಲೀಸಿಗೆ ಕೊಡಬ್ಯಾಡಿ ತಾಯಿ. ನಿಮ್ಮ ಫೋಟೋ ನೋಡಬಾರದು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಮಗಳು ಚಂದ್ರಿಗೂ ಫಿಟ್ಸು. ದಿನಾ ಅವಳಿಗೆ ನಿಮ್ಮ ಫೋಟೋ ತೋರಿಸಿ, ನೋಡು, ಈ ಅಕ್ಕಂಗೂ ನಿನ್ನ ಹಂಗೇ ಆಗ್ತಿತ್ತು, ಈಗ ಆಟ ಆಡಿಸೋ ಟೀಚರಾಗ್ಯಾಳೆ ಅಂತ ಹೇಳ್ತಿದ್ದೆ. ಧೈರ್ಯ ಬರ್ತಿತ್ತಮ್ಮ ನಮಗೆ. ಆ ಪುಡಿಯೋರು ಇವತ್ತಿಂದ ಆಸ್ಪತ್ರೆ ಮಾತ್ರೆ ನಿಲ್ಲಿಸಿ, ಬರೀ ಪುಡಿ ಕೊಡಿ ಅಂದಾರೆ. ಬೆಳಗ್ಗೆ ಮಾತ್ರೆ ಕೊಟ್ಟಿಲ್ಲ. ನೀವೂ ಹಂಗೇ ನಿಲ್ಲಿಸಿದ್ರಾ ಅಂತ ನಿಮ್ಮ ಫೋಟೋನೇ ಕೇಳೋಣ ಅಂದ್ರೆ ಅದೂ ಇಲ್ಲ. ತಪ್ಪಾತು, ಹೊಟ್ಟೆಗೆ ಹಾಕ್ಕೊಳ್ಳಿ."

ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಕುಮುದಾಳಿಗೆ ಚೆನ್ನಾಗಿ ಗೊತ್ತು. ಹತ್ತರ ವಯಸ್ಸಿನಲ್ಲಿ ಒಮ್ಮೆ ಹಟ ಮಾಡಿ ಮಾತ್ರೆ ಬಿಟ್ಟು, ಒಂದೇ ದಿನದಲ್ಲಿ ಮೇಲಿಂದ ಮೇಲೆ ಬಿದ್ದು ಸಾವಿನ ಬಾಗಿಲು ನೋಡಿ ಬಂದಿದ್ದಳು. ಮೂಲೆಗೆ ಹೋಗಿ ಯತಿರಾಜರಿಗೆ ಫೋನು ಹಚ್ಚಿದಳು.

"ಸರ್, ಆ ಪುಟ ನಂಬಿಕೊಂಡು ಒಂದು ಮಗುವಿಗೆ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ! ಏನಾದರೂ ಮಾಡಿ."

"ಪುಟದಿಂದ ನಿಮ್ಮದನ್ನೆಲ್ಲ ಅಳಿಸಿದೆವು ಮೇಡಂ. ಅದನ್ನು ನಂಬಿದವರ ತಲೆಯೊಳಗೆ ನಮ್ಮ ಎಳೆ ಹೋಗುವುದಿಲ್ಲವಲ್ಲ. ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಪುಡಿಯವನ ಮೇಲೆ ಈಗಲೇ ದೂರು ಕೊಡುತ್ತೇನೆ."

"ಪೊಲೀಸರು ಹೋಗುವಷ್ಟರಲ್ಲಿ ಮಗು ಬಿದ್ದರೆ?"

"ಯಾರಾದರೂ ಡಾಕ್ಟರಿಂದ ಹೇಳಿಸೋಣವೇ?"

"ಡಾಕ್ಟರು ಮಾತ್ರೆ ಕೊಡಿ ಅಂತ ಮೊದಲೇ ಹೇಳಿದ್ದಾರಲ್ಲ ಸರ್. ಆ ತಾಯಿ ಕೇಳುತ್ತಿರುವುದು ನನ್ನನ್ನು," ಎಂದು ಫೋನಿಟ್ಟಳು.

ಹೊರಗೆ ಓಣಿಯ ತುಂಬ ಊಟದ ಮಕ್ಕಳು. ಒಳಗೆ ಮೇಜಿನ ಸುತ್ತ ಎಂಟು ಕಿವಿ, ವಿರೂಪಾಕ್ಷಮ್ಮನವರದೂ ಸೇರಿ. ಕುಮುದಾ ಗೋಡೆಗೆ ಮುಖಮಾಡಿ ಓಬಮ್ಮನ ನಂಬರು ಒತ್ತಿದಳು. "ನಾನು ಫೋಟೋದವಳು. ಪುಡಿ ಕೊಡಬೇಡಿ, ಮಾತ್ರೆ ಕೊಡಿ," ಎಂದು ಪಿಸುಗುಟ್ಟಿದಳು.

"ಯಾರು? ಏನಂದ್ರಿ? ಕೇಳಂಗಿಲ್ಲ! ನೀವು ಅವರೇ ಅಂತ ನಾನು ಹೆಂಗೆ ನಂಬಲಿ?"

ಪಿಸುಗುಟ್ಟಿದರೆ ಮಗ್ಗದ ಸದ್ದಿಗೆ ಕೇಳುವುದಿಲ್ಲ, ಮುಖ ತೋರಿಸದಿದ್ದರೆ ಅವರು ನಂಬುವುದಿಲ್ಲ. ಇಷ್ಟು ವರ್ಷ ತಾಯಿ ಸೆರಗಿನಲ್ಲಿ ಕಟ್ಟಿಟ್ಟದ್ದು, ತಾನು ಆಟದ ಬಯಲು ಬಿಡಬೇಕಾದೀತೆಂದು ಬೆದರಿ ಮುಚ್ಚಿಟ್ಟದ್ದು, ಬೆಳಗ್ಗೆ ತಾನೇ ಜಗತ್ತಿನಿಂದೆಲ್ಲ ಒರೆಸಿ ಹಾಕಿದ್ದು! ಕುಮುದಾ ಕ್ಯಾಮೆರಾ ಒತ್ತಿದಳು. ಪರದೆಯಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತ ಓಬಮ್ಮ ಕಾಣಿಸಿದರು.

"ನೋಡಿ, ನಾನೇ! ನನಗೆ ಫಿಟ್ಸ್ ಬರುತ್ತಿತ್ತು ಓಬಮ್ಮ!" ಕುಮುದಾ ಬಯಲಿನಲ್ಲಿ ಕೂಗುವ ದನಿಯಲ್ಲೇ ಕೂಗಿದಳು. "ಪುಡಿ ತಿಂದವಳಲ್ಲ ನಾನು! ಆಸ್ಪತ್ರೆ ಮಾತ್ರೆ ತಿಂದೆ, ವರ್ಷಗಟ್ಟಲೆ ತಿಂದೆ! ಡಾಕ್ಟರು ಹೇಳುವ ತನಕ ಒಂದು ದಿನವೂ ಬಿಡಬಾರದು! ಈಗಲೇ ಕೊಡಿ, ಸಂಜೆಯೊಳಗೆ ಡಾಕ್ಟರ ಹತ್ತಿರ ಹೋಗಿ!"

ಹಿಂದೆ ಮಂಡಕ್ಕಿಯ ಕರಕರ ನಿಂತುಹೋಯಿತು. ಕುಮುದಾ ತಿರುಗಿ ನೋಡಲಿಲ್ಲ.

ಮಗ್ಗದ ಸದ್ದೂ ನಿಂತಿತು. ಪರದೆಗೆ ಎರಡು ಜಡೆಯ ಒಂದು ಪುಟ್ಟ ಮುಖ ನುಗ್ಗಿತು. ಹಣೆಯ ಮೇಲೆ ಹಳೆಯ ಗಾಯದ ಕಲೆ.

"ಅಕ್ಕಾ, ನೀವು ನಿಜವಾಗಲೂ ಇದ್ದೀರಾ?"

"ಇದ್ದೀನಿ ಚಂದ್ರಿ."

"ಬೀಳೋವಾಗ ನಿಮಗೆ ಹೆದರಿಕೆ ಆಗ್ತಿತ್ತಾ?"

ಯಾರೂ ಅವಳನ್ನು ಈ ಮಾತು ಕೇಳಿರಲಿಲ್ಲ, ತಾಯಿಯೂ ಕೇಳಿರಲಿಲ್ಲ. ಕುಮುದಾಳ ಕಣ್ಣು ತುಂಬಿತು. "ತುಂಬಾ ಆಗ್ತಿತ್ತು ಕಣೇ. ಯಾರ ಹತ್ತಿರವೂ ಹೇಳೋ ಹಾಗಿರಲಿಲ್ಲ, ಅದಕ್ಕೆ ಇನ್ನೂ ಜಾಸ್ತಿ ಆಗ್ತಿತ್ತು. ನೀನು ಮಾತ್ರೆ ತಗೋ, ನಾನು ನೋಡ್ತಾ ಇರ್ತೀನಿ."

ಚಂದ್ರಿ ತಾಯಿಯ ಕೈಯಿಂದ ಮಾತ್ರೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿ ನೀರು ಕುಡಿದಳು.

"ಎಲ್ಲಿ, ಬಾಯಿ ತೆಗಿ. ನಾಲಿಗೆ ಎತ್ತು ನೋಡೋಣ," ಎಂದಿತು ಕುಮುದಾಳ ಭುಜದ ಮೇಲಿಂದ ಒಂದು ದನಿ. ವಿರೂಪಾಕ್ಷಮ್ಮನವರು ಕನ್ನಡಕವನ್ನು ಹಣೆಗೇರಿಸಿ, ಮಂಡಕ್ಕಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪರದೆಗೆ ಬಗ್ಗಿದ್ದರು. "ಈ ಮಕ್ಕಳು ನುಂಗಿದ ಹಾಗೆ ಮಾಡಿ ದವಡೆಯಲ್ಲಿ ಇಟ್ಟುಕೊಳ್ಳುತ್ತವೆ ಕುಮುದಾ. ನನ್ನ ತಂಗಿ ಹಾಗೇ ಮಾಡುತ್ತಿದ್ದಳು. ನಾವು ಅವಳ ವಿಷಯ ಯಾರಿಗೂ ಹೇಳಲೇ ಇಲ್ಲ."