ಮೂರೋ ಎಂಟೋ?

"ಮೇಡಂ, ಇವು ಅಂಕಿಗಳಾ, ಇಲ್ಲಾ ಬಸ್ಸಲ್ಲಿ ಒತ್ತಿಕೊಂಡು ನಿಂತಿರೋ ಜನಾನಾ?"

ಕಾಮೆಂಟರಿಯವನ ಮೈಕ್ ಇನ್ನೂ ಆನ್ ಆಗಿಯೇ ಇತ್ತು! ಇಡೀ ಮೈದಾನ ಗೊಳ್ಳೆಂದು ನಕ್ಕಿತು. ಅವಳ ಮುಖ ಕೆಂಪೇರಿತು.

ಓಟಗಾರರ ಅಂಗಿಗಳ ಮೇಲಿದ್ದುದು ಅವಳೇ ರೂಪಿಸಿದ ಅಕ್ಷರಶೈಲಿ. ದಪ್ಪ, ಇಕ್ಕಟ್ಟು, ಮುಂದಕ್ಕೆ ವಾಲಿದ ನಿಲುವು; ತುದಿಗಳಲ್ಲಿ ಬಾಲವಿಲ್ಲ, ಬಳುಕಿಲ್ಲ. ನಿಂತಲ್ಲೇ ಓಡುವಂತೆ ಕಾಣಬೇಕೆಂದು ಒಂದೊಂದು ಗೆರೆಯನ್ನೂ ಮುದ್ದಿನಿಂದ ತಿದ್ದಿದ್ದಳು.

ಆದರೆ ಮೂವತ್ತೆಂಟನೇ ನಂಬರಿನ ಹುಡುಗಿ ಗೆದ್ದಾಗ, ಅವನು ಮೂವತ್ಮೂರು ಎಂದು ಕೂಗಿಬಿಟ್ಟಿದ್ದ. ಗೆದ್ದವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಮೊದಲು ಕಣ್ಣು ತೋರಿಸ್ಕೊಳ್ಳಿ!" ಎಂದು ರೇಗಿ ಅವಳು ಹೊರಟುಬಂದಳು.

ಕೆಲವು ದಿನಗಳಲ್ಲೇ ಓಟ ನಡೆಸಿದ ಕ್ಲಬ್ಬಿನವರು ಅವಳ ಅಕ್ಷರಗಳನ್ನು ಕೈಬಿಡುವ ಮಾತೆತ್ತಿದರು.

"ಆ ಮೈಕಾಸುರಾನೇ ದೂರು ಕೊಟ್ಟಿರ್ತಾನೆ ಅತ್ತೆ!"

ಡಿಸೈನ್ ಸ್ಟುಡಿಯೋ ನಡೆಸುತ್ತಿದ್ದ ಸೋದರತ್ತೆ ಕನ್ನಡಕದ ಮೇಲಿಂದ ನೋಡಿದಳು. "ದೂರಾ? ಆ ಮಾತು ಬಂದಾಗ ಅವನೇ, ತಪ್ಪು ನನ್ನ ಕಣ್ಣಿಂದು, ಅಕ್ಷರದ್ದಲ್ಲ ಅಂತ ಎಲ್ಲರೆದುರು ಒಪ್ಕೊಂಡನಂತೆ. ಅವನ ಕೆಲಸಾನೇ ಹೋಯ್ತು ಕಣೇ."

ಅವಳು ಸರಕ್ಕನೆ ಎದ್ದಳು.

ಅಂಕಿಗಳನ್ನು ಗೋಡೆಗಂಟಿಸಿ ದೂರ ನಿಂತು ನೋಡಿದಳು. ಮೂರರ ಬಾಯಿ ಮುಚ್ಚಿಹೋಗಿತ್ತು. ಎಂಟರ ಹೊಟ್ಟೆಯೊಳಗಿನ ಬಿಳಿ ಜಾಗ ಮಾಯವಾಗಿತ್ತು. 'ಅವನು ಓದಿದ್ದರಲ್ಲಿ ತಪ್ಪೇನಿತ್ತು?'

ಕ್ಲಬ್ಬಿಗೆ ಹೋಗಿ ತಪ್ಪು ತನ್ನದೆಂದಳು. ಅವನಿಗೆ ಕೆಲಸ ಮರಳಿತು. ಅವಳಿಗೆ ತಿದ್ದಲು ಅವಕಾಶ ಸಿಕ್ಕಿತು.

"ಯಾಕೆ ಸುಳ್ಳು ಹೇಳಿದ್ರಿ?" ಅವನನ್ನೇ ಕೇಳಿದಳು.

"ಅಷ್ಟು ಜನರೆದುರು ನಿಮ್ಮನ್ನ ನಗೆಪಾಟಲು ಮಾಡಿದ್ದೆ... ಮನಸ್ಸು ತಡೀಲಿಲ್ಲ."

ಅಂದಿನಿಂದ ಪ್ರತಿ ಸಂಜೆ ಅವಳು ಹೊಸ ಅಂಕಿಗಳನ್ನು ಹಿಡಿದು ನಿಲ್ಲುವುದು, ಅವನು ಮೈದಾನದ ಆಚೆ ತುದಿಯಿಂದ ಓದುವುದು. ಅವಳು ಮೂರರ ಬಾಯಿ ಅಗಲಿಸಿದಳು, ಎಂಟರ ನಡು ಸಣ್ಣಗಾಗಿಸಿದಳು. ವಾಲುವಿಕೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದಕ್ಕಾಗಿ ಜಗಳವೂ ಆಯಿತು, ನಗುವೂ ಬಂತು. ಒಮ್ಮೆ ಮಾತಾಡುತ್ತಾ ಅಂಕಿಗಳನ್ನೇ ಮರೆತು ಕೂತಿದ್ದರು...

ಕೊನೆಗೊಂದು ಸಂಜೆ ಅವನು ಒಂದೂ ತಪ್ಪದೆ ಓದಿದ.

ಅವಳು ಕುಣಿದಾಡಬೇಕಿತ್ತು. ಆದರೆ ಹಿಡಿದಿದ್ದ ಅಂಕಿಯನ್ನು ನಿಧಾನವಾಗಿ ಕೆಳಗಿಳಿಸಿದಳು. 'ನಾಳೆಯಿಂದ ಇಲ್ಲಿಗೆ ಬರೋಕೆ ನೆಪವೇ ಇಲ್ಲ!'

ಹಾಳೆಗಳನ್ನು ಸುರುಳಿ ಸುತ್ತುತ್ತಿದ್ದಾಗ ಅವನು ಓಡಿಬಂದು ಏದುಸಿರು ಬಿಡುತ್ತಾ ನಿಂತ.

"ನಾಳೇನೂ ಬರ್ತೀರಾ?"

"ಯಾಕೆ? ಎಲ್ಲಾ ಸರಿಯಾಯ್ತಲ್ಲ..."

"ನನಗೆ ಸರಿಯಾಗಿಲ್ಲ. ನಿಮ್ಮನ್ನ ನೋಡದೇ ಇದ್ರೆ ದಿನಾನೇ ಹೋಗಲ್ಲ. ಇಷ್ಟಪಟ್ಟುಬಿಟ್ಟಿದ್ದೀನಿ... ಬೇಡ ಅಂದ್ರೂ ಬೇಜಾರಿಲ್ಲ."

"ಬೇಡ ಅಂತ ಯಾರು ಅಂದ್ರು?" ಅವಳ ಕಣ್ಣು ತುಂಬಿತ್ತು.

ಅವನು ಮೆಲ್ಲಗೆ ಅವಳ ಕೈ ಹಿಡಿದ. "ನಿಮ್ಮತ್ತೆಗೆ ನಾನೇ ಬಂದು ಹೇಳ್ಲಾ?"

"ಹೇಳೋದೇನು? ನನಗಿಂತ ಮೊದಲೇ ಗೊತ್ತಾಗಿದೆ ಅವರಿಗೆ."

"ಏನಂದ್ರು?"

"ಹುಡುಗ ಊಟಕ್ಕೆ ಯಾವಾಗ ಬರ್ತಾನೆ, ಅಂದ್ರು!"